ಹಳೇ ಬೆಂಜ್ ಎಸ್‌ಯುವಿ: ಚಿಕ್ಕ ಎಂಜಿನ್ನೋ, ದೊಡ್ಡ ಎಂಜಿನ್ನೋ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ತಪ್ಪದೆ ಓದುವವನು ನಾನು. ಹೊಸ ಗಾಡಿ ಬಂದಾಗಲೆಲ್ಲ ಸ್ಕ್ರೀನ್ ಎಷ್ಟು ಇಂಚು, ಸನ್‌ರೂಫ್ ಎಷ್ಟು ದೊಡ್ಡದು ಎಂದು ಬರೆಯುತ್ತೀರಿ. ಆದರೆ ಕೋಟಿ ರೂಪಾಯಿಯ ಗಾಡಿಯನ್ನು ಹೊಸದಾಗಿ ಕೊಳ್ಳುವವರು ನಮ್ಮ ಊರುಗಳಲ್ಲಿ ಎಷ್ಟು ಜನ ಇದ್ದಾರೆ? ಅದೇ ಗಾಡಿ ಏಳೆಂಟು ವರ್ಷ ಓಡಿ, ಹೊಸ ಫಾರ್ಚೂನರ್‌ಗಿಂತ ಕಡಿಮೆ ಬೆಲೆಗೆ ಬಂದಾಗ ಕೊಳ್ಳುವವರು ಹಾಸನ, ಚಿಕ್ಕಮಗಳೂರು, ದಾವಣಗೆರೆ, ಹುಬ್ಬಳ್ಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಸರಿಯಾಗಿ ಹೇಳುವವರೇ ಇಲ್ಲ. ಬ್ರೋಕರ್ ಹೇಳಿದ್ದೇ ವೇದ. ಅದಕ್ಕೇ ಈ ಪತ್ರ.

ನನ್ನದು ಹಾಸನದಲ್ಲಿ ಡೀಸೆಲ್ ಗಾಡಿಗಳ ಗ್ಯಾರೇಜ್. ಕಾಫಿ ತೋಟದವರು, ಕಂಟ್ರಾಕ್ಟರ್‌ಗಳು, ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ವಾರಕ್ಕೊಮ್ಮೆ ಊರಿಗೆ ಬರುವವರು, ಎಲ್ಲರೂ ಮೊಬೈಲಿನಲ್ಲಿ ಗಾಡಿಯ ಫೋಟೋ ಹಿಡಿದು ಬಂದು ಕೇಳುವುದು ಒಂದೇ ಮಾತು. "ಅಣ್ಣಾ, ಚಿಕ್ಕ ಎಂಜಿನ್ ತಗೊಳ್ಳೋದಾ, ದೊಡ್ಡದು ತಗೊಳ್ಳೋದಾ? ಯಾವುದು ಮೈಲೇಜ್ ಜಾಸ್ತಿ ಕೊಡುತ್ತೆ?" ಈ ಪ್ರಶ್ನೆಯೇ ತಪ್ಪು ಜಾಗದಲ್ಲಿ ಶುರುವಾಗುತ್ತದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಹಳೇ ಗಾಡಿಯಲ್ಲಿ ಎಂಜಿನ್ ಆರಿಸಬೇಕಾದ್ದು ನೀವು ಓಡಿಸುವ ರಸ್ತೆ ನೋಡಿ, ಆ ಎಂಜಿನ್ನಿನಲ್ಲಿ ಮೊದಲು ಹೋಗುವುದು ಏನು ಅಂತ ತಿಳಿದು. ಮೈಲೇಜ್ ಆಮೇಲಿನ ಮಾತು.

ಒಂದು ಗಾಡಿಯನ್ನೇ ಹಿಡಿದು ಹೇಳುತ್ತೇನೆ. ಮರ್ಸಿಡಿಸ್ ಬೆಂಜ್‌ನ ಜಿಎಲ್‌ಇ ಎಸ್‌ಯುವಿ. 2015ರ ಕೊನೆಗೆ ನಮ್ಮ ದೇಶಕ್ಕೆ ಬಂದಾಗ ಎರಡು ಡೀಸೆಲ್ ಎಂಜಿನ್ ಇದ್ದವು. 250ಡಿ ಅಂದರೆ ನಾಲ್ಕು ಸಿಲಿಂಡರಿನ 2,143 ಸಿಸಿ ಎಂಜಿನ್, 204 ಕುದುರೆ ಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. 350ಡಿ ಅಂದರೆ ಆರು ಸಿಲಿಂಡರ್ ಎರಡು ಸಾಲಾಗಿ ವಿ ಆಕಾರದಲ್ಲಿ ಕೂತಿರುವ 2,987 ಸಿಸಿ ವಿ6, 258 ಕುದುರೆ ಶಕ್ತಿ, 620 ಟಾರ್ಕ್. ಎರಡಕ್ಕೂ ಒಂಬತ್ತು ಗೇರಿನ ಆಟೋಮ್ಯಾಟಿಕ್, ಎರಡಕ್ಕೂ ನಾಲ್ಕು ಚಕ್ರಕ್ಕೂ ಎಳೆತ. ಹೊಸದರಲ್ಲಿ ಎರಡರ ನಡುವೆ ಸುಮಾರು ಹನ್ನೊಂದು ಲಕ್ಷದ ವ್ಯತ್ಯಾಸ. ಈಗ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿನಲ್ಲಿ ಆ ಹನ್ನೊಂದು ಲಕ್ಷ ಬಹುತೇಕ ಕರಗಿ ಹೋಗಿದೆ, ಗಾಡಿಯ ಸ್ಥಿತಿಯೇ ಬೆಲೆ ಹೇಳುತ್ತದೆ. ಹಾಗಾಗಿ ಎರಡು ಗಾಡಿಗಳೂ ಹೆಚ್ಚುಕಮ್ಮಿ ಒಂದೇ ಬೆಲೆಗೆ ಎದುರು ಬದುರು ನಿಂತಿರುತ್ತವೆ, ಕೊಳ್ಳುವವನು ಮೈಲೇಜ್ ಅಂತ ಹೇಳಿ ಚಿಕ್ಕದಕ್ಕೆ ಕೈ ಹಾಕುತ್ತಾನೆ.

ಮೈಲೇಜ್ ಲೆಕ್ಕವನ್ನೇ ಹಾಕೋಣ. ಒಂದು ಲೀಟರಿಗೆ 12 ಕಿ.ಮೀ. ಕೊಡುತ್ತೆ, ಇನ್ನೊಂದು 10 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 12,000 ಕಿ.ಮೀ. ಓಡಿಸಿದರೆ ಮೊದಲನೆಯದಕ್ಕೆ 1,000 ಲೀಟರ್, ಎರಡನೆಯದಕ್ಕೆ 1,200 ಲೀಟರ್ ಬೇಕು. ಲೀಟರ್ ಡೀಸೆಲ್‌ಗೆ 90 ರೂಪಾಯಿ ಹಿಡಿದರೆ ವರ್ಷಕ್ಕೆ ಉಳಿಯುವುದು 18,000. ಈ ಗಾಡಿಯಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಒಂದೇ ಒಂದು ಹೋದರೆ ಆ ದುಡ್ಡು ಸಾಲುವುದಿಲ್ಲ. ಅಷ್ಟಕ್ಕೋಸ್ಕರ ಎಂಜಿನ್ ಆರಿಸುವುದು ಸರೀನಾ?

ಈಗ ಯಾವ ಎಂಜಿನ್ನಿನಲ್ಲಿ ಏನು ಹೋಗುತ್ತದೆ ಅನ್ನುವುದಕ್ಕೆ ಬರುತ್ತೇನೆ, ಕೊಳ್ಳುವವರಿಗೆ ನಿಜವಾಗಿ ಬೇಕಾದ್ದು ಇದೇ.

350ಡಿಯ ವಿ6 ಗಟ್ಟಿ ಎಂಜಿನ್. ಮರ್ಸಿಡಿಸ್ ಅದನ್ನು ವರ್ಷಗಟ್ಟಲೆ ಬೇರೆ ಬೇರೆ ಗಾಡಿಗೆ ಹಾಕಿದೆ, ಆದ್ದರಿಂದ ಅದರ ಕಾಯಿಲೆಗಳು ಎಲ್ಲರಿಗೂ ಗೊತ್ತು. ದೊಡ್ಡದು ಆಯಿಲ್ ಕೂಲರ್ ಸೀಲ್. ಆ ಕೂಲರ್ ಎರಡು ಸಾಲು ಸಿಲಿಂಡರ್‌ಗಳ ನಡುವಿನ ಕಣಿವೆಯಲ್ಲಿ ಕೂತಿದೆ, ಮೇಲೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ, ಆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಎಲ್ಲ. ಬಿಸಿಗೆ ರಬ್ಬರ್ ಸೀಲ್ ಗಟ್ಟಿಯಾಗಿ ಆಯಿಲ್ ಜಿನುಗುತ್ತದೆ, ಹಿಂದಕ್ಕೆ ಹರಿದು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಗೊತ್ತಿಲ್ಲದ ಮೆಕ್ಯಾನಿಕ್ ಅದನ್ನು ಕ್ರ್ಯಾಂಕ್ ಸೀಲ್, ಅಂದರೆ ಎಂಜಿನ್ನಿನ ತಿರುಗುವ ದಂಡದ ಸೀಲ್, ಎಂದುಕೊಂಡು ಗೇರ್‌ಬಾಕ್ಸ್ ಇಳಿಸಿಬಿಡುತ್ತಾನೆ. ಸೀಲ್‌ಗೆ ಹೆಚ್ಚು ಬೆಲೆ ಇಲ್ಲ, ಕೂಲಿಗೇ ಖರ್ಚು. ಇದರ ಜೊತೆ ಟರ್ಬೊ ಬಾಯಿಯಿಂದ ಆಯಿಲ್ ಸೋರಿ ಇನ್‌ಟೇಕ್ ಕೆಳಗಿನ ಸಣ್ಣ ಮೋಟರ್ ಮೇಲೆ ಬಿದ್ದು ಅದೂ ಕೆಡುತ್ತದೆ, ಗಾಡಿ ಎಳೆಯುವುದು ನಿಲ್ಲಿಸುತ್ತದೆ. ಇವೆರಡನ್ನೂ ಮೊದಲೇ ಮಾಡಿಸಿದ ಬಿಲ್ ಇರುವ 350ಡಿ ಸಿಕ್ಕಿದರೆ ಬಿಡಬೇಡಿ.

250ಡಿಯ ನಾಲ್ಕು ಸಿಲಿಂಡರ್ ಎಂಜಿನ್ ಚಿಕ್ಕದು ಅಂತ ಖರ್ಚೂ ಚಿಕ್ಕದಲ್ಲ. ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಇದರಲ್ಲಿ ಎಂಜಿನ್ನಿನ ಮುಂದೆ ಇಲ್ಲ, ಹಿಂದೆ ಗೇರ್‌ಬಾಕ್ಸ್ ಕಡೆಗಿದೆ. ಅದನ್ನು ಪೂರ್ತಿ ಕೆಲಸ ಮಾಡಬೇಕು ಅಂದರೆ ಬಿಚ್ಚುವುದೇ ದೊಡ್ಡ ಕೆಲಸ. ಇದೇ ಎಂಜಿನ್ನಿನ ಶುರುವಿನ ವರ್ಷಗಳ ಗಾಡಿಗಳಲ್ಲಿ ಪೈಜೊ ಅನ್ನುವ ಥರದ ಇಂಜೆಕ್ಟರ್‌ಗಳು ಜಗತ್ತಿನ ತುಂಬ ತೊಂದರೆ ಕೊಟ್ಟು ಕಂಪನಿ ಬೇರೆ ಥರದ್ದಕ್ಕೆ ಬದಲಿಸಬೇಕಾಯಿತು. ಆಮೇಲಿನವು ಪರವಾಗಿಲ್ಲ. ಒಂದಕ್ಕೆ ಎರಡು ಟರ್ಬೊ ಇರುವುದರಿಂದ ಎಳೆತಕ್ಕೆ ಕೊರತೆ ಇಲ್ಲ, ಆದರೆ ಎರಡು ಟನ್ನಿಗಿಂತ ಜಾಸ್ತಿ ತೂಕದ ಗಾಡಿಯನ್ನು ಎತ್ತಿಕೊಂಡು ಹೋಗಲು ಅದು ಯಾವಾಗಲೂ ದುಡಿಯುತ್ತಲೇ ಇರಬೇಕು. ಶಿರಾಡಿ ಘಾಟಿಯಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಲಾರಿ ಹಿಂದಿಕ್ಕಲು ಹೋದಾಗ ಈ ಎರಡು ಎಂಜಿನ್ನಿನ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ವಿ6 ಸದ್ದಿಲ್ಲದೆ ಏರುತ್ತದೆ. ನಾಲ್ಕು ಸಿಲಿಂಡರಿನದು ಗೇರ್ ಇಳಿಸಿ, ಸದ್ದು ಮಾಡಿ, ಆಮೇಲೆ ಏರುತ್ತದೆ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹಾಸನದಿಂದ ಮಂಗಳೂರು, ಹುಬ್ಬಳ್ಳಿಯಿಂದ ಪುಣೆ, ಹೀಗೆ ಹೈವೇ, ಘಾಟಿ ಓಡಾಟ ಜಾಸ್ತಿ ಇರುವವರು, ಸರ್ವಿಸ್ ದಾಖಲೆ ಸರಿ ಇರುವ 350ಡಿ ತೆಗೆದುಕೊಳ್ಳಿ. ಊರಿನ ಸುತ್ತಮುತ್ತ ಓಡಾಟ, ತಿಂಗಳಿಗೊಮ್ಮೆ ದೂರ ಪ್ರಯಾಣ ಅನ್ನುವವರಿಗೆ 250ಡಿ ಸಾಕು. ಆದರೆ ದಾಖಲೆ ಇಲ್ಲದ 350ಡಿಗಿಂತ ದಾಖಲೆ ಇರುವ 250ಡಿ ಎಷ್ಟೋ ಮೇಲು, ಇದರ ಬಗ್ಗೆ ನನಗೆ ಎರಡು ಮಾತಿಲ್ಲ. ಇನ್ನು ಬೆಂಗಳೂರಿನಲ್ಲೇ ಇದ್ದು ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಲ್ಲುವವರಿಗೆ ಎರಡೂ ಬೇಡ. ಅವರು ಪೆಟ್ರೋಲ್ ಹುಡುಕಲಿ. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ 2,000 ಸಿಸಿ ಮತ್ತು ಅದಕ್ಕೂ ದೊಡ್ಡ ಡೀಸೆಲ್ ಗಾಡಿಗಳ ನೋಂದಣಿ ನಿಲ್ಲಿಸಿದ್ದು ನೆನಪಿರಬಹುದು, ಅದಾದ ಮೇಲೆ 2016ರಲ್ಲಿ ಇದೇ ಜಿಎಲ್‌ಇ ಪೆಟ್ರೋಲಿನಲ್ಲೂ ಬಂತು. ಪೇಟೆಯೊಳಗೇ ಓಡಿಸುವವರಿಗೆ ಅದು ಚೆನ್ನಾಗಿ ಹೊಂದುತ್ತದೆ.

ಪೇಟೆಯಲ್ಲಿ ಡೀಸೆಲ್ ಯಾಕೆ ಬೇಡ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. 2020ರ ಏಪ್ರಿಲ್‌ನಿಂದ ಬಿಎಸ್6, ಅಂದರೆ ಗಾಡಿಯ ಹೊಗೆಯ ಮೇಲಿನ ಇನ್ನೂ ಬಿಗಿಯಾದ ನಿಯಮ, ಬಂತು. ಜಿಎಲ್‌ಇಯಲ್ಲಿ ಅದೇ ವರ್ಷ ಹೊಸ ರೂಪದ ಜೊತೆ 300ಡಿ, 400ಡಿ ಅಂತ ಹೊಸ ಎಂಜಿನ್‌ಗಳು ಬಂದವು. 300ಡಿ ಎರಡು ಲೀಟರಿನದಾದರೂ 245 ಕುದುರೆ ಶಕ್ತಿ ಕೊಡುತ್ತದೆ, 400ಡಿ ಆರು ಸಿಲಿಂಡರ್ ಒಂದೇ ಸಾಲಿನಲ್ಲಿರುವ ಎಂಜಿನ್, 330 ಕುದುರೆ ಶಕ್ತಿ, 700 ಟಾರ್ಕ್. ಅದ್ಭುತ ಎಂಜಿನ್‌ಗಳು. ಆದರೆ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನುವ ಸೋಸುವ ಡಬ್ಬ ಇರುತ್ತದೆ, ಆಡ್‌ಬ್ಲೂ ಅಂತ ಯೂರಿಯಾ ನೀರು ಬೇರೆ ಹಾಕಬೇಕು. ಆಡ್‌ಬ್ಲೂ ಪೂರ್ತಿ ಖಾಲಿಯಾಗಲು ಬಿಟ್ಟು ಗಾಡಿ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಡಿಪಿಎಫ್‌ನಲ್ಲಿ ಮಸಿ ತುಂಬಿಕೊಂಡಾಗ ಗಾಡಿ ತಾನೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು, 600 ಡಿಗ್ರಿ ಆಸುಪಾಸು ಬಿಸಿ ಮಾಡಿ ಮಸಿ ಸುಡುತ್ತದೆ. ಅದಕ್ಕೆ ಗಾಡಿ ಒಂದಷ್ಟು ಹೊತ್ತು ನಿಲ್ಲದೆ ಓಡಬೇಕು. ಮನೆಯಿಂದ ಆಫೀಸು ನಾಲ್ಕು ಕಿ.ಮೀ., ನಡುವೆ ಹತ್ತು ಸಿಗ್ನಲ್, ಮಸಿ ಸುಡುವುದು ಅರ್ಧಕ್ಕೇ ನಿಲ್ಲುತ್ತದೆ, ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಮಟ್ಟ ಮೇಲೇರುತ್ತದೆ. ಜನ ಆಯಿಲ್ ಜಾಸ್ತಿ ಇದೆ, ಒಳ್ಳೆಯದೇ ಅಲ್ವಾ ಅಂತಾರೆ. ಒಳ್ಳೆಯದಲ್ಲ, ಅದು ತೆಳ್ಳಗಾದ ಆಯಿಲ್, ಬೇರಿಂಗ್ ತಿನ್ನುತ್ತದೆ.

ಇದಕ್ಕೆ ಕೆಲವರು ಹೇಳುವ ಪರಿಹಾರ ಡಿಪಿಎಫ್ ತೆಗೆಸಿ ಖಾಲಿ ಪೈಪ್ ಹಾಕುವುದು. ದಯವಿಟ್ಟು ಮಾಡಿಸಬೇಡಿ. ಕಂಪನಿ ಕೊಟ್ಟದ್ದನ್ನು ಹೀಗೆ ಬದಲಿಸುವುದು ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ತಪ್ಪು. ಕಾನೂನು ಬಿಡಿ, ಆ ಮಸಿ ಸೇರುವುದು ನಮ್ಮ ಮಕ್ಕಳ ಶ್ವಾಸಕೋಶಕ್ಕೆ. ನಾನು ಈ ಕೆಲಸ ಮಾಡುವುದಿಲ್ಲ, ಗಿರಾಕಿ ಬೇರೆ ಕಡೆ ಹೋದರೂ ಸರಿ. ಕೊಳ್ಳುವ ಗಾಡಿಯಲ್ಲಿ ಯಾರಾದರೂ ಮೊದಲೇ ತೆಗೆಸಿದ್ದಾರಾ ಅಂತಲೂ ನೋಡಬೇಕು. ಸೈಲೆನ್ಸರ್ ಬಾಯಿಗೆ ಬಟ್ಟೆ ಹಾಕಿ ಒರೆಸಿ, ಡಿಪಿಎಫ್ ಸರಿ ಇರುವ ಗಾಡಿಯಲ್ಲಿ ಕಪ್ಪು ಮಸಿ ದಪ್ಪಗೆ ಬರುವುದಿಲ್ಲ. ಅದಕ್ಕೂ ಮುಂಚಿನ ಬಿಎಸ್4 ನಿಯಮದ ಗಾಡಿಯಾದರೆ ಅದರಲ್ಲಿ ಡಿಪಿಎಫ್ ಇತ್ತೋ ಇಲ್ಲವೋ ಅಂತ ಕಂಪನಿಯವರಿಗೆ ಚಾಸಿ ನಂಬರ್ ಕೊಟ್ಟು ಮೊದಲು ಕೇಳಿಕೊಳ್ಳಿ.

ಬೇರೆ ಕಂಪನಿಗಳ ಬಗ್ಗೆ ಚಿಕ್ಕದಾಗಿ. ಬಿಎಂಡಬ್ಲ್ಯು ಎಕ್ಸ್5ನ 30ಡಿ ಓಡಿಸಲು ಬಹಳ ಖುಷಿ ಕೊಡುವ ಎಂಜಿನ್, ಅದರ ಚೈನ್ ಕೂಡ ಹಿಂದೆಯೇ ಇದೆ. ಸ್ಟಾರ್ಟ್ ಮಾಡಿದ ಮೊದಲ ಕ್ಷಣ ಗೇರ್‌ಬಾಕ್ಸ್ ಕಡೆಯಿಂದ ಕರಕರ ಬಂದರೆ ಅಲ್ಲೇ ಬಿಟ್ಟು ಬನ್ನಿ. ಆಡಿಯ ಎರಡು ಲೀಟರ್ ಡೀಸೆಲ್ ಇರುವ 2015ಕ್ಕಿಂತ ಹಳೆಯ ಗಾಡಿಯಾದರೆ, ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ ಹಗರಣದ ನಂತರ ಆಡಿಯ ಒಡೆಯ ಫೋಕ್ಸ್‌ವ್ಯಾಗನ್ ಗುಂಪು ನಮ್ಮ ದೇಶದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಸರಿಪಡಿಸಲು ವಾಪಸ್ ಕರೆದಿತ್ತು, ಆ ಕೆಲಸ ಆಗಿದೆಯಾ ಕೇಳಿ. ಲ್ಯಾಂಡ್ ರೋವರ್ ಡಿಸ್ಕವರಿಯ ಮೂರು ಲೀಟರ್ ವಿ6ನಲ್ಲಿ ಕ್ರ್ಯಾಂಕ್ ಶಾಫ್ಟೇ ಮುರಿದ ಉದಾಹರಣೆಗಳು ಜಗತ್ತಿನ ತುಂಬ ಇವೆ. ಆ ಗಾಡಿ ಎಷ್ಟೇ ಚೆಂದ ಇದ್ದರೂ ನಮ್ಮ ಕಡೆಯವರಿಗೆ ನಾನು ಹೇಳುವುದಿಲ್ಲ.

ಇನ್ನೊಂದು ವಿಷಯ ದೆಹಲಿ ಗಾಡಿಗಳದ್ದು. ಹತ್ತು ವರ್ಷ ದಾಟಿದ ಡೀಸೆಲ್ ಅಲ್ಲಿ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಗ ಅಲ್ಲಿಂದ ದೊಡ್ಡ ಎಂಜಿನ್ ಗಾಡಿಗಳು ಕಡಿಮೆ ಬೆಲೆಗೆ ನಮ್ಮ ಕಡೆ ಬರತೊಡಗಿದವು. ಬೆಲೆ ನೋಡಿ ಮರುಳಾಗುವ ಮುಂಚೆ ತೆರಿಗೆ ಲೆಕ್ಕ ಹಾಕಿ. ಇಪ್ಪತ್ತು ಲಕ್ಷಕ್ಕೂ ಮೇಲಿನ ಗಾಡಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇ 18. ಹಳೆಯದಕ್ಕೆ ವಯಸ್ಸಿನ ಪ್ರಕಾರ ಕಡಿತ ಸಿಗುತ್ತದೆ, ಆದರೂ ಗಾಡಿಯ ಬೆಲೆಗೆ ಹೋಲಿಸಿದರೆ ಮೊತ್ತ ದೊಡ್ಡದೇ. ಎನ್‌ಒಸಿ ತರಿಸಿ, ಆರ್‌ಟಿಒದಲ್ಲಿ ಮೊತ್ತ ಕೇಳಿಕೊಂಡು, ಆಮೇಲೆ ಅಡ್ವಾನ್ಸ್ ಕೊಡಿ. ಬೆಂಗಳೂರಿನದೇ ಗಾಡಿಯಾದರೆ 2022ರ ಸೆಪ್ಟೆಂಬರಿನಲ್ಲಿ ಅದು ಎಲ್ಲಿತ್ತು ಕೇಳಿ. ಆ ಮಳೆಯಲ್ಲಿ ಹೊರ ವರ್ತುಲ ರಸ್ತೆಯ ಕಡೆ ಎಷ್ಟು ದುಬಾರಿ ಗಾಡಿಗಳು ಮುಳುಗಿದವು ಅಂತ ನಿಮ್ಮ ಪತ್ರಿಕೆಗಳಲ್ಲೇ ಫೋಟೋ ಬಂದಿತ್ತು. ಸೀಟ್ ಕೆಳಗಿನ ಬೋಲ್ಟ್ ತುಕ್ಕು, ಸೀಟ್ ಬೆಲ್ಟ್ ಪೂರ್ತಿ ಎಳೆದಾಗ ಕಾಣುವ ಕೆಸರಿನ ಗೆರೆ, ಇನ್ಶೂರೆನ್ಸ್ ಕ್ಲೇಮ್ ಇತಿಹಾಸ, ಇವು ಸುಳ್ಳು ಹೇಳುವುದಿಲ್ಲ.

ನೋಡಲು ಹೋಗುವಾಗ ಎಂಜಿನ್ ತಣ್ಣಗಿರಬೇಕು ಅಂತ ಮೊದಲೇ ಹೇಳಿ. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ಸ್ಕ್ಯಾನರ್ ಇರುವ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ, ಮುಂದಿನ ಮೀಟರ್ ಹಿಂದಕ್ಕೆ ತಿರುಗಿಸಿದ್ದರೂ ಒಳಗಿನ ಬೇರೆ ಕಂಪ್ಯೂಟರ್‌ಗಳಲ್ಲಿ ನಿಜವಾದ ಕಿಲೋಮೀಟರ್ ಎಷ್ಟೋ ಸಲ ಸಿಗುತ್ತದೆ. ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ ಬದಲಿಸಬೇಕಿಲ್ಲ ಅಂದರೆ ನಂಬಬೇಡಿ. ಸರ್ವಿಸ್ ಬಿಲ್ಲಿನಲ್ಲಿ ಆಯಿಲ್ ಯಾವುದು ಅಂತ ಓದಿ. ಡಿಪಿಎಫ್ ಇರುವ ಮರ್ಸಿಡಿಸ್‌ಗೆ 229.51, 229.52 ಇಂಥ ಮರ್ಸಿಡಿಸ್ ಗುರುತು ಬರೆದಿರುವ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಬೇರೆ ಹಾಕಿದರೆ ಬೂದಿ ಡಿಪಿಎಫ್‌ನಲ್ಲಿ ಉಳಿದುಬಿಡುತ್ತದೆ, ಅದು ಸುಟ್ಟರೂ ಹೋಗುವುದಿಲ್ಲ.

ಸಂಪಾದಕರೇ, ಒಂದು ಕೋರಿಕೆ. ವಾಹನ ಪುಟದಲ್ಲಿ ತಿಂಗಳಿಗೊಮ್ಮೆಯಾದರೂ ಸೆಕೆಂಡ್ ಹ್ಯಾಂಡ್ ಗಾಡಿಗಳಿಗೆ ಜಾಗ ಕೊಡಿ. ಸುಮ್ನೆ ಅಭಿಪ್ರಾಯ ಬೇಡ, ಓದುಗರಿಂದ ನಿಜವಾದ ಸರ್ವಿಸ್ ಬಿಲ್ ತರಿಸಿ ಹಾಕಿ: ಯಾವ ಗಾಡಿ, ಯಾವ ಎಂಜಿನ್, ಎಷ್ಟು ಕಿಲೋಮೀಟರಿಗೆ ಏನು ಹೋಯಿತು, ಎಷ್ಟು ಖರ್ಚಾಯಿತು. ಗಿರಾಕಿಗಳ ಒಪ್ಪಿಗೆ ಪಡೆದು, ಹೆಸರು ಮತ್ತು ಗಾಡಿ ನಂಬರ್ ಅಳಿಸಿ, ನನ್ನ ಗ್ಯಾರೇಜಿನ ಬಿಲ್‌ಗಳನ್ನು ಕಳಿಸಿಕೊಡಲು ನಾನು ತಯಾರಿದ್ದೇನೆ.

ಇಂತಿ,
ಒಬ್ಬ ಓದುಗ, ಹಾಸನ