ಓಡಲು ಹೋಗಬೇಕೋ ಬೇಡವೋ

ಚಿಂತಾಮಣಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ನಿಮ್ಮಮ್ಮ ಫೋನ್ ಮಾಡಿ ಗೋಳಾಡಿದಳು. ಮೊಬೈಲಿನಲ್ಲಿ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ನಂಬರ್ (ಎಕ್ಯೂಐ) 153 ಅಂತ ಕೆಂಪಗೆ ಬಂದಿದೆಯಂತೆ, ನೀನು ಓಡಲು ಹೋಗಲೇಬಾರದಂತೆ. ನೀನೋ, ಪೊಲೀಸ್ ಕಾನ್‌ಸ್ಟೇಬಲ್ ಫಿಸಿಕಲ್ ಪರೀಕ್ಷೆ ಹತ್ತಿರ ಬಂತು, ಒಂದು ದಿನವೂ ತಪ್ಪಿಸಲ್ಲ ಅಂತೀಯಂತೆ. ಇಬ್ಬರೂ ಹಟದವರೇ.

ಮೊದಲು ಆ ನಂಬರ್ ನೋಡೋಣ. ಎಷ್ಟೋ ಆ್ಯಪ್‌ಗಳು ಅಮೆರಿಕದ ಅಳತೆಯಲ್ಲಿ ಲೆಕ್ಕ ಹಾಕುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ಅನ್ನುವ ಸಣ್ಣ ದೂಳು 60 ಮೈಕ್ರೋಗ್ರಾಂ ಇದ್ದರೆ ನಮ್ಮ ದೇಶದ ಲೆಕ್ಕಕ್ಕೆ ಅದು 100, ಇನ್ನೂ ಹಸಿರು ಬಣ್ಣದ ‘ತೃಪ್ತಿಕರ’. ಅದೇ ಗಾಳಿ ಅಮೆರಿಕದ ಲೆಕ್ಕದಲ್ಲಿ 150 ದಾಟಿ ಕೆಂಪಾಗುತ್ತದೆ. ಹಾಗಂತ ನಮ್ಮ ಹಸಿರು ನೋಡಿ ಕುಣಿಯಬೇಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ ಬರೀ 15 ಮೈಕ್ರೋಗ್ರಾಂ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್ ಹಾಕಿಕೋ, ಚಿಕ್ಕಬಳ್ಳಾಪುರದ ಕೇಂದ್ರವೂ ಅದರಲ್ಲಿದೆ. ಆದರೆ ಅಲ್ಲಿನ ನಂಬರ್ 24 ಗಂಟೆಯ ಸರಾಸರಿ. ನಿಮ್ಮ ಬೀದಿ ಮೂಲೆಯಲ್ಲಿ ಈಗ ತಾನೇ ಕಸಕ್ಕೆ ಬೆಂಕಿ ಇಟ್ಟಿದ್ದು ಅದಕ್ಕೇನು ಗೊತ್ತು?

ಅದಕ್ಕೇ ಮೂಗನ್ನೂ ನಂಬು. ಟೆರೇಸ್ ಮೇಲಿಂದ ನಂದಿ ಬೆಟ್ಟ ಕಾಣದಿದ್ದರೆ ಗಾಳಿ ಕೆಟ್ಟಿದೆ ಅಂತ ನಿಮ್ಮಪ್ಪ ಹೇಳುತ್ತಾರೆ. ಧನುರ್ಮಾಸದಲ್ಲಿ ಬರೀ ಮಂಜಿಗೇ ಬೆಟ್ಟ ಮುಚ್ಚಿಹೋಗುತ್ತಲ್ಲ! ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತಾ, ಗಂಟಲು ಕೆರೆಯಿತಾ, ಆಗ ಯೋಚನೆ ಮಾಡು.

ಇನ್ನು ಹೊತ್ತು. ಐದು ಗಂಟೆಯ ಗಾಳಿಯೇ ಶುದ್ಧ ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದವರು. ಚಳಿಗಾಲದಲ್ಲಿ ಅದು ನಡೆಯಲ್ಲ. ರಾತ್ರಿ ನೆಲ ತಣ್ಣಗಾಗುತ್ತದೆ, ಮೇಲಿನ ಗಾಳಿ ಬೆಚ್ಚಗಿರುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಹೊಗೆಯೆಲ್ಲ ಕೆಳಗೇ ಉಳಿಯುತ್ತದೆ. ಬಿಸಿಲು ಏರಿದ ಮೇಲೆಯೇ ಅದು ಚದುರುವುದು. ಈಗ ಒಂಬತ್ತಕ್ಕೆ ಹೋದರೂ ನಷ್ಟವಿಲ್ಲ. ಬೇಸಿಗೆಯಲ್ಲಿ ಬೆಳಗ್ಗೆಯೇ ಸರಿ, ಮಧ್ಯಾಹ್ನದ ಬಿಸಿಲಿಗೆ ಉಸಿರಿಗೆ ಕೆಡುಕು ಮಾಡುವ ಓಝೋನ್ ಅನಿಲ ಜಾಸ್ತಿಯಾಗುತ್ತದೆ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ನೀನು ಹೈದರಾಬಾದ್ ಹೈವೇ ಸರ್ವಿಸ್ ರಸ್ತೆಯಲ್ಲಿ ಓಡುತ್ತೀಯ ಅಂತ ಕೇಳಿ. ಟಾರ್ಪಾಲ್ ಹಾಕದ ಜಲ್ಲಿ ಲಾರಿಗಳು ಓಡಾಡುವ ದಾರಿ ಅದು. ಪಕ್ಕದ ಹೊಂಗೆ ಎಲೆ ಮೇಲೆ ಬೆರಳಾಡಿಸಿ ನೋಡು, ಬಿಳಿ ಪುಡಿ ಅಂಟುತ್ತದೆ. ಕಣ್ಣಿಗೆ ಕಾಣುವ ಆ ದೂಳು ಹೆಚ್ಚಾಗಿ ಮೂಗು, ಗಂಟಲಲ್ಲೇ ನಿಂತುಬಿಡುತ್ತದೆ. ಕಾಣದ್ದು ಇದೆಯಲ್ಲ, ಕೂದಲಿನ ದಪ್ಪದಲ್ಲಿ ಮೂವತ್ತರಲ್ಲಿ ಒಂದು ಪಾಲಿನದು, ಅದು ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ. ಸುಮ್ನೆ ಕೂತಾಗ ನಾವು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಎಳೆಯುತ್ತೇವೆ. ಜೋರಾಗಿ ಓಡುವಾಗ ಅದು 50 ಲೀಟರ್ ದಾಟಬಹುದು, ಅದೂ ಬಾಯಿಯಿಂದ. ಮೂಗು ಸೋಸುವ ಕೆಲಸವೇ ತಪ್ಪಿಹೋಯಿತು. ಸ್ಟೇಡಿಯಂಗೆ ಹೋಗು, ಇಲ್ಲಾ ಕಂದವಾರ ಕೆರೆ ಕಡೆ ಹೋಗು. ಹೈವೇ ಬೇಡ.

ನಿನ್ನ ಗೆಳತಿಯರ ಲೆಕ್ಕ ಬೇರೆ, ನಿನ್ನದು ಬೇರೆ. ನಿನಗೆ ಚಿಕ್ಕಂದಿನಿಂದ ಉಬ್ಬಸ ಇದೆ. ಸಮೀರ್‌ನಲ್ಲಿ 100ರ ಒಳಗಿದ್ದರೆ ಓಡು. 100 ದಾಟಿದರೆ ಬಿರುಸು ನಡಿಗೆ ಸಾಕು, ಸ್ಪ್ರಿಂಟ್ ಬೇಡ. 200 ದಾಟಿದರೆ ಮನೆಯೊಳಗೇ ಬಸ್ಕಿ ಹೊಡಿ, ಸ್ಕಿಪ್ಪಿಂಗ್ ಮಾಡು. ಒಂದೆರಡು ದಿನ ಓಡದಿದ್ದರೆ ದಮ್ಮು ಎಲ್ಲೂ ಹೋಗಲ್ಲ. ಬಟ್ಟೆ ಮಾಸ್ಕ್ ಆ ಸಣ್ಣ ದೂಳಿಗೆ ಉಪಯೋಗಕ್ಕೆ ಬರಲ್ಲ. ಎನ್95 ತಡೆಯುತ್ತದೆ, ಆದರೆ ಅದನ್ನು ಹಾಕಿಕೊಂಡು ಜೋರಾಗಿ ಓಡುವುದು ಕಷ್ಟ.

ಇನ್‌ಹೇಲರ್ ಜೇಬಿನಲ್ಲೇ ಇರಲಿ. ಓಡುವ ಮುಂಚೆ ತಗೋಬೇಕಾ ಅಂತ ಡಾಕ್ಟರನ್ನು ಕೇಳು, ಪಕ್ಕದ ಮನೆ ಆಂಟಿಯನ್ನಲ್ಲ. ಎದೆ ಬಿಗಿದರೆ, ಉಸಿರಲ್ಲಿ ಸುಂಯ್ ಅಂತ ಸದ್ದು ಬಂದರೆ ಅಲ್ಲೇ ನಿಲ್ಲು. ಈ ರೌಂಡ್ ಮುಗಿಸಿ ನಿಲ್ತೀನಿ ಅನ್ನಬೇಡ.

ನಿಮ್ಮಮ್ಮನ ಹತ್ತಿರ ನಾನು ಮಾತಾಡ್ತೀನಿ. ಹೈವೇ ಬಿಟ್ಟಿದ್ದೀಯ ಅಂತ ನೀನು ಮೊದಲು ಹೇಳು.

ಇಂತಿ,
ನಿನ್ನ ದೊಡ್ಡಮ್ಮ