ಮುದ್ದೆ ಕಟ್ಟಿಸಿದ ಭಾವನಿಗೂ, ಉಳಿದವರಿಗೂ

ಕುಡಿತ ಬಿಟ್ಟು ಮೊನ್ನೆ ಭಾನುವಾರಕ್ಕೆ ಒಂದು ವರ್ಷ ತುಂಬಿತು. "ನಿನ್ನ ಮನಸ್ಸು ಗಟ್ಟಿ ಕಣಪ್ಪ" ಅಂತ ತುಂಬಾ ಜನ ಫೋನ್ ಮಾಡಿದರು. ಗಟ್ಟಿಯೂ ಇಲ್ಲ, ಏನೂ ಇಲ್ಲ. ಕಣ್ಣಿಗೆ ಬೀಳಬಾರದ್ದನ್ನು ಕೆಲವರು ಸುಮ್ನೆ ಪಕ್ಕಕ್ಕೆ ಸರಿಸಿದರು. ಇದು ಅವರಿಗಾಗಿ.

ಮೊದಲು ಕೌನ್ಸೆಲಿಂಗ್ ಮೇಡಂಗೆ. ಬಿಟ್ಟ ಎರಡನೇ ವಾರ ಅವರ ಮುಂದೆ ಅತ್ತಿದ್ದೆ. "ಬಸ್ಸಲ್ಲಿ ಕೂತರೂ ವೈನ್ಸ್ ಬೋರ್ಡೇ ಕಾಣುತ್ತೆ ಮೇಡಂ, ನನಗೆ ನಾಚಿಕೆ ಇಲ್ವಾ?" ಅವರು ಬೈಯಲಿಲ್ಲ. ಬಣ್ಣಬಣ್ಣದ ಅಕ್ಷರಗಳಿದ್ದ ಒಂದು ಹಾಳೆ ಕೊಟ್ಟರು. ಪದ ಓದಬಾರದು, ಬಣ್ಣ ಮಾತ್ರ ಹೇಳಬೇಕು. ಕುರ್ಚಿ, ಕಿಟಕಿ ಸಲೀಸಾಗಿ ಹೋದವು. ಬಾಟಲಿ, ಕ್ವಾರ್ಟರ್ ಬಂದಾಗ ನಾಲಿಗೆ ತಡವರಿಸಿತು. ಇದಕ್ಕೆ ಸ್ಟ್ರೂಪ್ ಪರೀಕ್ಷೆ ಅಂತಾರಂತೆ. ಚಟ ಇರುವವರು ಇಂಥ ಪದಗಳಿಗೆ ತಡವರಿಸುವುದು ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆಯಂತೆ. ಕುಡಿದಾಗ ಮಿದುಳಿನಲ್ಲಿ ಡೋಪಮೈನ್ ಅನ್ನೋ, 'ಬೇಕು' ಅನ್ನಿಸುವ ರಾಸಾಯನಿಕ ಏರುತ್ತದೆ. ಬರಬರುತ್ತಾ ಲೋಟ, ಬೋರ್ಡು, ಮುಚ್ಚಳ ತಿರುವಿದ ಸದ್ದಿಗೇ ಮಿದುಳು ಎದ್ದು ಕೂರುತ್ತದೆ. ಕುಡಿದರೆ ಸಿಗುವ ಖುಷಿ ಕಮ್ಮಿಯಾದರೂ 'ಬೇಕು' ಅನ್ನುವುದು ಜಾಸ್ತಿಯಾಗುತ್ತಲೇ ಹೋಗಬಹುದು ಎಂದು ರಾಬಿನ್ಸನ್, ಬೆರಿಡ್ಜ್ ಎಂಬ ಅಮೆರಿಕದ ವಿಜ್ಞಾನಿಗಳು 1993ರಲ್ಲೇ ಬರೆದಿದ್ದಾರೆ. ನನ್ನ ಕೊನೆಯ 2 ವರ್ಷ ಥೇಟ್ ಹಾಗೇ ಇತ್ತು. ಒಂಚೂರೂ ಖುಷಿ ಇರಲಿಲ್ಲ. ಆದರೂ ಕಾಲು ಅಲ್ಲಿಗೇ ಹೋಗುತ್ತಿತ್ತು.

ಆವತ್ತು ಮನೆಗೆ ಬಂದು, ಏನೇನು ನನ್ನನ್ನು ಎಳೆಯುತ್ತೆ ಅಂತ ನಾಚಿಕೆ ಬಿಟ್ಟು ಎಲ್ಲರಿಗೂ ಹೇಳಿದೆ.

ನನ್ನ ಹೆಂಡತಿ ಖಾರದ ಕಡ್ಲೆಬೀಜ ತರುವುದನ್ನೇ ನಿಲ್ಲಿಸಿದಳು. ಅದು ಅವಳಿಗೆ ಪ್ರಾಣ. ಇದು ಯಾರಿಗೂ ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆದೆ. ಫ್ಯಾಕ್ಟರಿಯಿಂದ ಬೈಕಲ್ಲಿ ಬಿಡುವ ಗೆಳೆಯ ಸರ್ಕಲ್ ಬಿಟ್ಟು ಕೆರೆ ಏರಿ ಸುತ್ತಿಕೊಂಡು ಬರುತ್ತಾನೆ. ಪೆಟ್ರೋಲಿಗೆ ಅಂತ ಒಂದು ರೂಪಾಯಿ ಕೇಳಿಲ್ಲ.

ಇನ್ನು ಭಾವ. ತಂಗಿಯ ಬೀಗರೂಟದ ದಿನ, ತೋಟದ ಹಿಂದೆ ಪ್ಲಾಸ್ಟಿಕ್ ಲೋಟ ಹಂಚುವ ಹೊತ್ತು. ನನ್ನ ಕಣ್ಣು ಆ ಕಡೆ ಹೊರಟಿದ್ದನ್ನು ನನಗಿಂತ ಮುಂಚೆ ಅವರೇ ನೋಡಿದರು. ಬುದ್ಧಿ ಹೇಳಲಿಲ್ಲ. "ಬಾ, ಕೈ ಕಮ್ಮಿ ಇದೆ" ಅಂತ ಮುದ್ದೆ ಕಟ್ಟಲು ಕೂರಿಸಿದರು. ಎಷ್ಟು ಕಟ್ಟಿದೆನೋ ಲೆಕ್ಕವಿಲ್ಲ. ಅಂಗೈ ಚುರುಗುಟ್ಟುತ್ತಿತ್ತು, ತಲೆ ಎತ್ತಲು ಪುರುಸೊತ್ತಿರಲಿಲ್ಲ.

ನಿನ್ನೆ ಬಸ್ಸಿನಿಂದ ಆ ಬೋರ್ಡು ಮತ್ತೆ ಕಂಡಿತು. ಪಕ್ಕದಲ್ಲಿ ಚಪ್ಪಲಿ ಅಂಗಡಿಯೂ ಕಂಡಿತು. 11 ವರ್ಷ ಓಡಾಡಿದ ರಸ್ತೆ, ಅಂಗಡಿ ಹಳೇದೇ ಅಂತೆ.

ಭಾವ, ಮುಂದಿನ ತಿಂಗಳು ಇನ್ನೊಂದು ಬೀಗರೂಟ ಇದೆ. ಮುದ್ದೆ ಕಡೆ ನನಗೊಂದು ಜಾಗ ಇಟ್ಟಿರಿ.