ಅಕ್ಕಾ, ಅಪ್ಪಂಗೆ ಇಲ್ಲಿಂದ ಓದಿ ಹೇಳು

ಡಂಡೀ, ಸ್ಕಾಟ್ಲೆಂಡ್
ಭಾನುವಾರ ರಾತ್ರಿ

ಅಕ್ಕಾ,

ನಾನು ಚೆನ್ನಾಗಿದೀನಿ, ನೀವೆಲ್ಲ ಚೆನ್ನಾಗಿದೀರ ಅಂದ್ಕೋತೀನಿ. ಅಮ್ಮನ ಮಂಡಿ ನೋವು, ಭಾವನ ಟ್ರಾನ್ಸ್‌ಫರು, ಪುಟ್ಟಿ ಪರೀಕ್ಷೆ ಎಲ್ಲ ಆಮೇಲೆ ಕೇಳ್ತೀನಿ. ನಿನ್ನ ಕಾಗದ ಗುರುವಾರ ಬಂತು. ವಾಟ್ಸಾಪ್ ಇದ್ರೂ ನಾಲ್ಕು ಪುಟ ಕೈಯಲ್ಲಿ ಬರ್ದಿದೀಯ ಅಂದಾಗ್ಲೇ ಎದೆ ಧಸಕ್ ಅಂತು. ಫೋನಲ್ಲಿ ಮಾತಾಡಿದ್ರೆ ಅಪ್ಪಂಗೆ ಕೇಳ್ಸುತ್ತೆ ಅಂತ ಬರ್ದಿದೀಯ, ಗೊತ್ತಾಯ್ತು. ನನ್ನ ಕಾಗದ ಬಂದ್ರೆ ಅವರು ಸುಮ್ನಿರಲ್ಲ, ಓದು ಓದು ಅಂತ ಪೀಡಿಸ್ತಾರೆ, ಅದಕ್ಕೆ ಎಲ್ಲಿಂದ ಎಲ್ಲೀವರೆಗೆ ಅವರ ಮುಂದೆ ಓದ್ಬೇಕು ಅಂತ ಮಧ್ಯೆ ಬರೆದಿರ್ತೀನಿ. ಈಗಿಂದು ನಿನಗೆ ಮಾತ್ರ.

ಮೊದಲು ಪುಸ್ತಕದ ವಿಷಯ. ಹೋದ ಸಲ ವಿಡಿಯೋ ಕಾಲಲ್ಲಿ ನನ್ನ ಹಿಂದಿರೋ ಶೆಲ್ಫ್ ನೋಡಿ ಅಮ್ಮ ಅದೇನೋ ರದ್ದಿ ರಾಶಿ ಅಂದ್ಲು, ನಾನು ಜಂಬಕ್ಕೆ ಬಿದ್ದು ಅದ್ರಲ್ಲೊಂದಕ್ಕೆ ಎಷ್ಟು ಕೊಟ್ಟೆ ಅಂತ ಬಾಯಿ ಬಿಟ್ಟೆ. ಅದು ನನ್ನ ತಪ್ಪೇ. ಆದ್ರೆ ಅದನ್ನೇ ಇಟ್ಕೊಂಡು 'ಅವನು ಹಳೇ ಹಡಗಿನ ಪುಸ್ತಕಕ್ಕೆ ಸಂಬಳ ಎಲ್ಲ ಸುರೀತಿದಾನೆ, ಸಾಲನೂ ಇರ್ಬೇಕು, ಅವನ ಹತ್ರ ಕೇಳ್ಬೇಡಿ, ಕಣ್ಣು ಮುಂದಿನ ವರ್ಷ ನೋಡ್ಕೊಂಡ್ರಾಯ್ತು' ಅಂತ ಅಪ್ಪ ಕಣ್ಣಿನ ಪೊರೆ ಆಪರೇಷನ್ ಮುಂದೆ ಹಾಕಿದಾರೆ ಅಂತ ಬರ್ದಿದೀಯಲ್ಲ, ಆ ಒಂದು ಸಾಲು ಓದಿದ್ಮೇಲೆ ಮೂರು ದಿನ ಆ ಶೆಲ್ಫ್ ಕಡೆ ತಿರುಗಿ ನೋಡೋಕಾಗ್ಲಿಲ್ಲ.

ಸಾಲ ಇಲ್ಲ. ಬರೆದಿಟ್ಕೋ, ಇಲ್ಲ. ಒಟ್ಟು ಇರೋದೇ 31 ಪುಸ್ತಕ, ಅದ್ರಲ್ಲಿ ಮುಕ್ಕಾಲು ಪಾಲು ಕುಂಟ ಕುದುರೆಗಳೇ, ಬೆನ್ನು ಬಿಟ್ಟಿರೋದು, ಮ್ಯಾಪು ಹರಿದಿರೋದು, ಯಾವ್ದೋ ಲೈಬ್ರರಿಯಿಂದ ತೆಗೆದುಹಾಕಿ ಪುಟಪುಟಕ್ಕೂ ಸೀಲು ಹೊಡೆದಿರೋದು. ಇಂಥವು ಅಗ್ಗಕ್ಕೆ ಸಿಗ್ತವೆ. ಮೊದಲನೇ ವರ್ಷ ಮಾತ್ರ ಟೋಪಿ ಬಿತ್ತು, ಅದನ್ನ ಮುಚ್ಚಿಡಲ್ಲ. ದಕ್ಷಿಣ ಧ್ರುವಕ್ಕೆ ಹೋಗಿದ್ದ ಕ್ಯಾಪ್ಟನ್ ಸ್ಕಾಟ್ ಸತ್ತ ಮೇಲೆ ಅವನ ಡೈರಿ 1913ರಲ್ಲಿ ಎರಡು ಸಂಪುಟವಾಗಿ ಬಂತು, ಅದನ್ನ ಒಬ್ಬ ವ್ಯಾಪಾರಿ ಪೂರ್ತಿ ಇದೆ ಅಂತ ಮಾರಿದ, ಮನೆಗೆ ತಂದು ಮುಂದಿರೋ ಚಿತ್ರಗಳ ಪಟ್ಟಿ ಹಿಡ್ಕೊಂಡು ಒಂದೊಂದೇ ಎಣಿಸಿದ್ರೆ ಎರಡು ಬಣ್ಣದ ಚಿತ್ರ ಇಲ್ಲ. ಹೊಲಿಗೆ ಹತ್ರ ಬ್ಲೇಡಲ್ಲಿ ಕುಯ್ದಿರೋ ಕಾಗದದ ಎಳೆ ಒಂದು ಕೂದಲಷ್ಟು ಉಳಿದಿತ್ತು, ಅಷ್ಟೆ. ಕುಯ್ದು ಫ್ರೇಮ್ ಹಾಕಿ ಬೇರೆ ಮಾರ್ತಾರೆ ಕಣೇ ಪಾಪಿಗಳು. ಅವತ್ತಿಂದ ಅಂಗಡೀಲೇ ಕೂತು ಪ್ಲೇಟು ಎಣಿಸಿ, ಮಡಚಿದ ಮ್ಯಾಪು ಬಿಚ್ಚಿ ನೋಡಿ, ಎರಡೂ ಸಂಪುಟ ಒಂದೇ ಜೋಡೀದಾ, ಬೇರೆ ಬೇರೆ ಕಡೆಯಿಂದ ತಂದು ಸೇರ್ಸಿದಾರಾ ಅಂತ ಬಟ್ಟೆ ಬಣ್ಣ ಹೋಲಿಸಿ ನೋಡ್ದೆ ಜೇಬಿಗೆ ಕೈ ಹಾಕಲ್ಲ. ಅಂದ್ರೆ ನಿನ್ನ ತಮ್ಮ ಅಷ್ಟೇನೂ ದಡ್ಡ ಅಲ್ಲ.

ಇನ್ನು ಹಡಗು ಹಿಮ ಯಾಕೆ, ಬೇರೆ ಹವ್ಯಾಸ ಸಿಗ್ಲಿಲ್ವಾ ಅಂತ ಕೇಳಿದೀಯ. ಈ ಊರಲ್ಲಿದ್ರೆ ನಿನಗೂ ಹಿಡಿಯುತ್ತೆ. ಕೆಲಸಕ್ಕೆ ಹೋಗೋ ದಾರೀಲಿ ದಿನಾ 'ಡಿಸ್ಕವರಿ' ಹಡಗಿನ ಕಂಬಗಳು ಕಾಣ್ತವೆ. ಅದನ್ನ ಕಟ್ಟಿದ್ದೂ ಇಲ್ಲೇ, ನೀರಿಗೆ ಇಳಿಸಿದ್ದು 1901ರ ಮಾರ್ಚ್ 21ಕ್ಕೆ, ಸ್ಕಾಟ್ ಮೊದಲ್ನೇ ಸಲ ಅಂಟಾರ್ಕ್ಟಿಕಕ್ಕೆ ಹೋದಾಗ ಅದರಲ್ಲೇ ಹೋಗಿದ್ದು, ಎರಡು ಚಳಿಗಾಲ ಹಿಮದಲ್ಲಿ ಸಿಕ್ಕೊಂಡು 1904ರಲ್ಲಿ ಬಿಡಿಸ್ಕೊಂಡು ಬಂತು, ಆಮೇಲೆ ಎಲ್ಲೆಲ್ಲೋ ಸುತ್ತಿ 1986ರಲ್ಲಿ ವಾಪಸ್ ಊರಿಗೆ ಬಂದು ನಿಂತಿದೆ. ಇಷ್ಟು ಸಣ್ಣ ಊರಲ್ಲಿ ಅಂಥ ಹಡಗು ಕಟ್ಟೋ ಕೈ ಎಲ್ಲಿಂದ ಬಂತು ಅಂದ್ರೆ, ನಗ್ಬೇಡ, ಗೋಣಿಚೀಲದಿಂದ. ನಮ್ಮ ಬಂಗಾಳದ ಸೆಣಬು ಹಡಗಲ್ಲಿ ಇಲ್ಲಿಗೆ ಬರ್ತಿತ್ತು, ಆ ನಾರು ಒರಟು, ಅದನ್ನ ಮೆತ್ತಗೆ ಮಾಡೋಕೆ ತಿಮಿಂಗಿಲದ ಎಣ್ಣೆ ಬೇಕಿತ್ತು, ಎಣ್ಣೆಗಾಗಿ ಉತ್ತರದ ಹಿಮದ ಸಮುದ್ರಕ್ಕೆ ಹೋಗ್ಬೇಕಿತ್ತು, ಹಿಮಕ್ಕೆ ತಡೆಯೋ ಮರದ ಹಡಗು ಕಟ್ಟಿ ಕಟ್ಟಿ ಇವರ ಕೈ ಪಳಗಿತ್ತು. ಊರ ಮಧ್ಯೆ ಪೆಂಗ್ವಿನ್ ವಿಗ್ರಹಗಳಿದಾವೆ, ಅವಕ್ಕೆ ಜನ ಟೋಪಿ ಸ್ಕಾರ್ಫ್ ಹಾಕ್ತಾರೆ. ಈಗ ಚಳಿಗಾಲ, ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆಲ್ಲ ಕತ್ತಲು. ಮಾಡೋದಾದ್ರೂ ಏನು, ಪುಸ್ತಕ ತಾನೆ.

ಸರಿ, ಇಲ್ಲಿಂದ ಅಪ್ಪಂಗೆ ಓದಿ ಹೇಳು. ನಿಧಾನಕ್ಕೆ ಓದು, ನೀನು ಓಡಿಸ್ತೀಯ.

ಅಪ್ಪಾ, ನಮಸ್ಕಾರ. ನಾನು ಆರೋಗ್ಯವಾಗಿದೀನಿ, ಊಟ ತಿಂಡಿ ಸರಿಯಾಗಿ ಆಗ್ತಿದೆ, ಸ್ವೆಟರ್ ಹಾಕ್ತೀನಿ. ಹಳೇ ಪುಸ್ತಕ ಯಾಕೆ ಅಂತ ಕೇಳಿದ್ರಂತೆ. ನೀವೇ ಕೇಳಿದ್ರೆ ಹೇಗೆ, ಮೂವತ್ತು ವರ್ಷ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸಿದೋರು ನೀವು. ಪ್ರೆಸ್ಸಿಂದ ಬಂದ್ಮೇಲೆ ನಿಮ್ಮ ಬೆರಳಿನ ಶಾಯಿ ವಾಸನೆ ನನ್ನ ಮೂಗಿಂದ ಇನ್ನೂ ಹೋಗಿಲ್ಲ.

ನಿಮಗೆ ಅಂತಲೇ ಒಂದು ಪುಸ್ತಕದ ಕಥೆ ಇಟ್ಕೊಂಡಿದೀನಿ. ಹೆಸರು 'ಅರೋರಾ ಆಸ್ಟ್ರಾಲಿಸ್'. ಅಂಟಾರ್ಕ್ಟಿಕದಲ್ಲೇ ಬರೆದು, ಅಲ್ಲೇ ಮೊಳೆ ಜೋಡಿಸಿ, ಅಲ್ಲೇ ಅಚ್ಚು ಹಾಕಿ, ಅಲ್ಲೇ ಬೈಂಡ್ ಮಾಡಿದ ಮೊದಲನೇ ಪುಸ್ತಕ ಅದು, 1908ರದ್ದು. ಶ್ಯಾಕಲ್ಟನ್ ಅಂತ ಒಬ್ಬ ನಾಯಕ, ಕೇಪ್ ರಾಯ್ಡ್ಸ್ ಅನ್ನೋ ಕಡೆ ಗುಡಿಸಲು ಹಾಕ್ಕೊಂಡು 15 ಜನ ಇದ್ರು, ಚಳಿಗಾಲ ಅಂದ್ರೆ ಅಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟಲ್ಲ. ಜನಕ್ಕೆ ತಲೆ ಕೆಡಬಾರ್ದು ಅಂತ ಪ್ರಿಂಟಿಂಗ್ ಪ್ರೆಸ್ಸನ್ನೇ ಹೊತ್ಕೊಂಡು ಹೋಗಿದ್ದ. ಜಾಯ್ಸ್, ವೈಲ್ಡ್ ಅಂತ ಇಬ್ಬರು, ಮೊಳೆ ಮುಟ್ಟಿದೋರೇ ಅಲ್ಲ, ಹೊರಡೋ ಮುಂಚೆ ಲಂಡನ್ನಿನ ಒಂದು ಪ್ರೆಸ್ಸಲ್ಲಿ ಕೆಲವು ದಿನ ಕಲ್ತಿದ್ದು ಅಷ್ಟೆ. ಅವರಿಬ್ಬರೂ ಮಲಗೋ ಗೂಡಲ್ಲೇ ಕೆಲಸ. ಮೊಳೆ ಚಳಿಗೆ ಬೆರಳಿಗೆ ಕಚ್ಚೋದಂತೆ, ಅದಕ್ಕೆ ಮೊಳೆ ಇಡೋ ಕೇಸಿನ ಕೆಳಗೆ ಒಂದು ದೀಪ. ಶಾಯಿ ಗಟ್ಟಿಯಾಗಿಬಿಡುತ್ತೆ, ಅದಕ್ಕೆ ಶಾಯಿ ತಟ್ಟೆ ಕೆಳಗೆ ಒಂದು ಮೇಣದಬತ್ತಿ. ಒಂದಿನ ಬತ್ತಿ ಉರೀತಿರೋದು ಮರೆತು ಎದ್ದು ಹೋಗಿ ಬರೋದ್ರೊಳಗೆ ತಟ್ಟೆ ಕಾದು ರೋಲರ್ ಕರಗಿಹೋಗಿದೆ! ನಿಮ್ಮ ಟ್ರೆಡಲ್ ಮೆಷೀನಿನ ರೋಲರು ಒಂದು ಬೇಸಿಗೇಲಿ ಅಂಟು ಅಂಟಾಗಿ ಕೂತು, ಮದುವೆ ಕಾಗದ ಎಲ್ಲ ನಿಂತು, ನೀವು ರಾತ್ರಿಯೆಲ್ಲ ಬೈಕೊಂಡು ಓಡಾಡಿದ್ರಲ್ಲ, ಅದೇ ನೆನಪಾಯ್ತು. ಇಡೀ ಖಂಡದಲ್ಲಿ ಇದ್ದಿದ್ದೇ ಒಂದು ರೋಲರು, ಹೊಸದು ಯಾರ ಹತ್ರ ಕೇಳ್ತಾರೆ, ಅದನ್ನೇ ಹೇಗೋ ಮತ್ತೆ ಎರಕ ಹೊಯ್ದು ಕೆಲಸ ಮುಂದುವರ್ಸಿದ್ರು.

ರಟ್ಟು ಇರ್ಲಿಲ್ಲ ಅಂತ ಸಾಮಾನು ಬಂದ ಮರದ ಪೆಟ್ಟಿಗೆ ಒಡೆದು, ಹಲಗೆ ನಯ ಮಾಡಿ, ಬೆನ್ನಿಗೆ ಚರ್ಮ ಹಾಕಿ ಬೈಂಡ್ ಮಾಡಿದಾರೆ. ಪೆಟ್ಟಿಗೆ ಮೇಲೆ ಬರ್ದಿದ್ದ ಅಕ್ಷರ ಹಾಗೇ ಉಳ್ಕೊಂಡಿದೆ, ಒಂದು ಪ್ರತಿ ಮೇಲೆ 'ಬಟರ್' ಅಂತಿದ್ರೆ ಇನ್ನೊಂದರ ಮೇಲೆ 'ಐರಿಷ್ ಸ್ಟ್ಯೂ' ಅಂತಿದೆ. ಸಂಗ್ರಹ ಮಾಡೋರು ಈಗ್ಲೂ ಪ್ರತಿಗಳನ್ನ ಆ ಹೆಸರಿಂದ್ಲೇ ಕರೆಯೋದು, ಬೆಣ್ಣೆ ಪ್ರತಿ, ಸ್ಟ್ಯೂ ಪ್ರತಿ ಅಂತ. ಹೆಚ್ಚೆಂದ್ರೆ ನೂರು ಪ್ರತಿ ಮಾಡಿದ್ರು. ನನ್ನ ಹತ್ರ ಇರೋದು ಮರುಮುದ್ರಣ ಅಪ್ಪಾ, ಗಾಬರಿ ಆಗ್ಬೇಡಿ, ಅಸಲಿ ಪ್ರತಿ ತಗೊಳೋಕೆ ಮನೆ ಮಾರ್ಬೇಕು, ನನಗೆ ಮಾರೋಕೆ ಮನೆನೇ ಇಲ್ಲ.

ಕಾಗದದ ವಿಷಯ ನಿಮಗೆ ಗೊತ್ತಿರೋದೇ. ಆದ್ರೂ ಕಣ್ಣಾರೆ ನೋಡಿದ್ದು ಹೇಳ್ತೀನಿ. ಶ್ಯಾಕಲ್ಟನ್ನನ ಹಡಗು ಹಿಮದಲ್ಲಿ ಒಡೆದುಹೋದ ಕಥೆ 'ಸೌತ್' ಅಂತ 1919ರಲ್ಲಿ ಬಂತು, ಯುದ್ಧ ಮುಗಿದ ಹೊಸತು, ಒಳ್ಳೇ ಕಾಗದ ಎಲ್ಲಿತ್ತು. ನನ್ನ ಪ್ರತಿ ಪುಟಗಳು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಮೂಲೆ ಮಡಿಸಿದ್ರೆ ಹಪ್ಪಳದ ಥರ ಮುರೀತವೆ, ಹೊರಗಡೆ ನೀಲಿ ಬಟ್ಟೆ ಮೇಲೆ ಬೆಳ್ಳಿ ಹಡಗು ಮಾತ್ರ ಇನ್ನೂ ಮಿಣುಕುತ್ತೆ. ಒಂದು ಅಂಗಡೀಲಿ ಕ್ಯಾಪ್ಟನ್ ಕುಕ್ ದಕ್ಷಿಣಕ್ಕೆ ಹೋಗಿದ್ದರ ಪುಸ್ತಕ ತೋರಿಸಿದ್ರು, 1777ರದ್ದು. ಅದು ಬೆಳ್ಳಗೆ ನಿನ್ನೆ ಬಂದ ಹಾಗಿತ್ತು! ಚಿಂದಿ ಬಟ್ಟೆಯಿಂದ ಮಾಡಿದ ಕಾಗದ ಅದು, ಹಿಂದುಗಡೆ ಬೆರಳಾಡಿಸಿದ್ರೆ ಮೊಳೆ ಒತ್ತಿದ ಗುರುತು ತಗುಲುತ್ತೆ. ಆಗ 'ಎಸ್' ಅಕ್ಷರನ ಉದ್ದಕ್ಕೆ 'ಎಫ್' ಥರ ಹಾಕ್ತಿದ್ರು, ನೀವಾಗಿದ್ರೆ ಕೆಂಪು ಪೆನ್ನು ತಗೊಂಡು ಪುಟಪೂರ್ತಿ ತಿದ್ದಿರೋರು. ಇನ್ನೊಂದು ತಮಾಷೆ, ಹಳೇ ಪುಸ್ತಕ ಮುಟ್ಟೋಕೆ ಬಿಳಿ ಗ್ಲೌಸ್ ಹಾಕ್ತಾರೆ ಅಂದ್ಕೊಂಡು ನಾನು ಕೇಳಿದ್ರೆ ಅಂಗಡಿಯಾಕೆ ನಕ್ಕುಬಿಟ್ಲು, ಗ್ಲೌಸಲ್ಲಿ ಪುಟದ ಅಂದಾಜೇ ಸಿಗದೆ ಹರಿದುಹೋಗುತ್ತಂತೆ, ಕೈ ತೊಳೆದು ಒರೆಸ್ಕೊಂಡ್ರೆ ಸಾಕಂತೆ. ಎಷ್ಟೋ ವರ್ಷದಿಂದ ನೀವು ಹೇಳ್ತಿದ್ದಿದ್ದೂ ಅದೇ.

ಈಗ ಕಣ್ಣು. ಕೋಪ ಮಾಡ್ಕೋಬೇಡಿ, ಪೂರ್ತಿ ಕೇಳಿ. 1902ರ ಡಿಸೆಂಬರಲ್ಲಿ ಸ್ಕಾಟ್, ಶ್ಯಾಕಲ್ಟನ್, ವಿಲ್ಸನ್ ಮೂವರು ಹಿಮದ ಮೇಲೆ ಗಾಡಿ ಎಳ್ಕೊಂಡು ಹೋಗ್ತಿದ್ರು. ವಿಲ್ಸನ್ ಡಾಕ್ಟ್ರು, ಚಿತ್ರಕಾರನೂ ಹೌದು, ಬೆಟ್ಟಗಳ ಚಿತ್ರ ಬಿಡಿಸೋ ಹಟಕ್ಕೆ ಬಿದ್ದು ಹಿಮದ ಬೆಳಕಿಗೆ ಕಣ್ಣು ಕೆಡಿಸ್ಕೊಂಡ. ಕಣ್ಣಿಗೆ ಪಟ್ಟಿ ಕಟ್ಕೊಂಡೇ ಗಾಡಿ ಎಳ್ದ, ಪಕ್ಕದಲ್ಲಿ ನಡೀತಾ ಸ್ಕಾಟ್ ಅವನಿಗೆ ಎದುರಿಗೆ ಯಾವ ಬೆಟ್ಟ ಕಾಣ್ತಿದೆ, ಹೇಗಿದೆ ಅಂತ ಹೇಳ್ತಾ ಹೋದ. ಇನ್ನೊಬ್ಬ ಚೆರ್ರಿ ಗರಾರ್ಡ್ ಅಂತ, ಸ್ಕಾಟ್ ಎರಡನೇ ಸಲ ಹೋದಾಗ ಜೊತೆಗಿದ್ದೋನು, ಸೋಡಾಬುಡ್ಡಿ ಕನ್ನಡಕ ಇಲ್ದೆ ಏನೂ ಕಾಣದ ಮನುಷ್ಯ. 1911ರ ಚಳಿಗಾಲದ ಕಗ್ಗತ್ತಲಲ್ಲಿ ಪೆಂಗ್ವಿನ್ ಮೊಟ್ಟೆ ತರೋಕೆ ಅಂತ ಮೂವರು ಹೊರಟ್ರು, ಐದು ವಾರ, ಸೊನ್ನೆಗಿಂತ ಕೆಳಗೆ ಸುಮಾರು 60 ಡಿಗ್ರೀವರೆಗೂ ಚಳಿ, ಆ ಚಳಿಗೆ ಕನ್ನಡಕ ಹಾಕೋಕೇ ಆಗ್ತಿರ್ಲಿಲ್ಲ. ಐದು ಮೊಟ್ಟೆ ಎತ್ಕೊಂಡ್ರು, ಇವನ ಕೈಲಿದ್ದ ಎರಡು ಒಡೆದ್ವು, ಮೂರು ಉಳೀತು. ಅದನ್ನ ಅವನು 1922ರಲ್ಲಿ ಎರಡು ಸಂಪುಟ ಬರ್ದ, 'ದ ವರ್ಸ್ಟ್ ಜರ್ನಿ ಇನ್ ದ ವರ್ಲ್ಡ್' ಅಂತ. ನನ್ನ ಹತ್ರ ಇರೋದ್ರಲ್ಲಿ ಅದೇ ಚೆನ್ನಾಗಿರೋದು. ಬೆನ್ನಿನ ಮೇಲೆ ಹೆಸರಿನ ಕಾಗದದ ಚೀಟಿ ಅಂಟಿಸಿದಾರೆ, ಅದು ಸವೆದುಹೋದ್ರೆ ಇರ್ಲಿ ಅಂತ ಇನ್ನೊಂದು ಚೀಟಿನ ಪುಸ್ತಕದ ಕೊನೇಲಿ ಅಂಟಿಸಿಟ್ಟಿದಾರೆ. ನೂರು ವರ್ಷ ಆದ್ರೂ ನನ್ನ ಪ್ರತೀಲಿ ಎರಡೂ ಚೀಟಿ ಹಾಗೇ ಇದೆ.

ಅವರಿಗೆ ಬೇರೆ ದಾರಿ ಇರ್ಲಿಲ್ಲ ಅಪ್ಪಾ, ನಿಮಗಿದೆ. ಪೊರೆ ತೆಗ್ದು ಲೆನ್ಸ್ ಹಾಕೋದು ಎಷ್ಟು ಹೊತ್ತಿನ ಕೆಲ್ಸ, ಅವತ್ತೇ ಮನೆಗೆ ಕಳಿಸ್ತಾರೆ. 'ಮೊಳೆ ಜೋಡ್ಸೋ ಕೆಲ್ಸ ಮುಗೀತು, ಇನ್ನು ಕಣ್ಣು ಯಾಕೆ' ಅಂದ್ರಂತಲ್ಲ, ಹಾಗನ್ಬೇಡಿ. ದುಡ್ಡಿನ ಯೋಚ್ನೆ ಬೇಡ. ಇಲ್ಲಿ ನನಗೆ ಯಾವ ತೊಂದ್ರೆನೂ ಇಲ್ಲ, ಸಂಬಳ ಸರಿಯಾಗಿ ಬರ್ತಿದೆ, ಉಳೀತಾನೂ ಇದೆ, ಕೆಲಸ ಗಟ್ಟಿಯಾಗಿದೆ, ಚಳಿ ಅಭ್ಯಾಸ ಆಗಿದೆ, ಯಾವುದಕ್ಕೂ ಕೊರತೆ ಇಲ್ಲ. ಆ ಮರುಮುದ್ರಣನ ಪಾರ್ಸಲ್ ಮಾಡ್ತೀನಿ. ಅದ್ರಲ್ಲಿ ಎಲ್ಲೆಲ್ಲಿ ಮೊಳೆ ತಲೆಕೆಳಗಾಗಿದೆ, ಎಲ್ಲಿ ಜಾಸ್ತಿ ಜಾಗ ಬಿಟ್ಟಿದಾರೆ ಅಂತ ನೀವೇ ನೋಡಿ ಹೇಳ್ಬೇಕು. ಅಕ್ಕನ ಕೈಲಿ ಓದಿಸ್ಕೊಂಡ್ರೆ ಅದು ಗೊತ್ತಾಗಲ್ಲ.

ಇಲ್ಲಿಗೆ ನಿಲ್ಸು ಅಕ್ಕ. ಮುಂದಿಂದು ಓದ್ಬೇಡ, ಪುಟ ಮಡಚಿಡು.

ಎಡಗಣ್ಣು ಪೂರ್ತಿ ಮಂಜು, ಬಲಗಣ್ಣೂ ಶುರುವಾಗಿದೆ ಅಂತ ಬರ್ದಿದೀಯ. ಹೋದ ತಿಂಗಳು ಕಾಲಲ್ಲಿ ಅವರು ನನ್ನ ಮುಖ ಬಿಟ್ಟು ಪಕ್ಕ ನೋಡ್ತಾ ಮಾತಾಡ್ತಿದ್ರು, ನಾನು ಕ್ಯಾಮೆರಾ ಸರಿಯಿಲ್ಲ ಅಂದ್ಕೊಂಡೆ ನೋಡು. ಮೆಟ್ಟಿಲ ಹತ್ರ ಎಡವಿದ್ದನ್ನ ಅಮ್ಮ ನನಗೆ ಹೇಳ್ಲೇ ಇಲ್ಲ. ಇನ್ನು ಮುಂದೂಡೋದು ಬೇಡ. ಸಕ್ಕರೆ ಒಂದ್ಸಲ ನೋಡಿಸ್ಬಿಡು, ಜಾಸ್ತಿ ಇದ್ರೆ ಡಾಕ್ಟ್ರು ಮತ್ತೆ ದಿನ ತಳ್ತಾರೆ, ಅದೇ ನೆಪ ಆಗುತ್ತೆ ಇವರಿಗೆ. ಎರಡೂ ಕಣ್ಣಿಗೆ ಬೇಕಾಗಿದ್ದನ್ನ, ನೀನು ಬರ್ದಿದ್ದಕ್ಕಿಂತ ಸ್ವಲ್ಪ ಜಾಸ್ತಿನೇ, ನಿನ್ನ ಅಕೌಂಟಿಗೆ ಶುಕ್ರವಾರ ಹಾಕಿದೀನಿ, ಬಂದಿದೆಯಾ ನೋಡು. ಎಲ್ಲಿಂದ ಬಂತು ಅಂತ ಕೇಳಿದ್ರೆ ಬೋನಸ್ ಅನ್ನು. ಹಳೇ ಪುಸ್ತಕ ಚಿನ್ನ ಇದ್ದ ಹಾಗೆ ಅಂತ ನಾನು ಅವತ್ತು ಕೊಚ್ಚಿಕೊಂಡಿದ್ದೆನಲ್ಲ, ಅದು ಸುಳ್ಳು. ಕೊಂಡ ಬೆಲೆಗೇ ವಾಪಸ್ ಯಾರೂ ತಗೊಳಲ್ಲ, ವ್ಯಾಪಾರಿಗೂ ಅವನ ಲಾಭ ಬೇಕಲ್ಲ, ಚೌಕಾಸಿ ಮಾಡೋಕೆ ಹೋದ್ರೆ ಎರಡೂ ಚೀಟಿ ತೋರಿಸಿ ಒಂಚೂರು ಮೇಲೇರಿಸ್ಬಹುದು, ಅಷ್ಟೆ.

ಮುಂದಿನ ವಿಡಿಯೋ ಕಾಲಲ್ಲಿ ಮೇಲಿನ ಸಾಲಲ್ಲಿ ಎರಡು ಪುಸ್ತಕದಷ್ಟು ಜಾಗ ಖಾಲಿ ಕಂಡು ಅಮ್ಮ ಏನಾದ್ರೂ ಕೇಳಿದ್ರೆ ಬೈಂಡಿಂಗಿಗೆ ಕೊಟ್ಟಿದಾನೆ ಅಂತ ಹೇಳು. ಅಪ್ಪಂಗೆ ಹೇಗಿದ್ರೂ ಈಗ ಕಾಣಲ್ಲ, ಕಾಣೋಷ್ಟೊತ್ತಿಗೆ ಅಲ್ಲಿ ಬೇರೆ ಏನಾದ್ರೂ ಇಟ್ಟಿರ್ತೀನಿ.

ಬಸ್ಸಿಗೆ ಹೊತ್ತಾಯ್ತು, ಇವತ್ತು ರಾತ್ರಿ ಶಿಫ್ಟು. ಡೇಟು ಸಿಕ್ಕ ತಕ್ಷಣ ಮೆಸೇಜ್ ಹಾಕು, ಎಷ್ಟೊತ್ತಾದ್ರೂ ಪರ್ವಾಗಿಲ್ಲ. ಅಮ್ಮಂಗೆ ನಮಸ್ಕಾರ, ಪುಟ್ಟಿಗೆ ಮುತ್ತು, ಭಾವಂಗೆ ಕೇಳಿದೆ ಅಂತ ಹೇಳು.

ನಿನ್ನ ತಮ್ಮ
ಶ್ರೀಧರ

ಆಪರೇಷನ್ ಆದ್ಮೇಲೆ ಧೂಳು ತಾಗ್ಬಾರ್ದು, ಆ ಅಟ್ಟದ ಮೇಲಿರೋ ಹಳೇ ಪ್ರೂಫ್ ಕಟ್ಟುಗಳನ್ನ ಅವರು ಇಳಿಸೋಕೆ ಹೋಗ್ದಂಗೆ ನೋಡ್ಕೋ.